ಮೇಲಿನಿಂದ ಕಂಡ ನೆಲವನ್ನು ಓದುವುದು

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಹಾಸುಬಂಡೆಯ ಮೇಲೆ ಕೊರೆದಿರುವ ಶಾಸನಗಳನ್ನು ಓದಲು ಹೋದವರಿಗೆ ಒಂದು ಸಂಗತಿ ಬಹುಬೇಗ ಮನವರಿಕೆಯಾಗುತ್ತದೆ. ನಡುಹಗಲಿನಲ್ಲಿ ಸವೆದ ಅಕ್ಷರಗಳು ಕಣ್ಣಿಗೆ ಸಿಕ್ಕುವುದಿಲ್ಲ. ಬಂಡೆಯೆಲ್ಲ ಒಂದೇ ಬಿಳುಪಾಗಿ ಹೊಳೆಯುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲು ಬಿದ್ದಾಗ ಮಾತ್ರ ಪ್ರತಿಯೊಂದು ಗೆರೆಯೂ ತನ್ನ ಪಾಲಿನ ಕಿರುನೆರಳನ್ನು ಪಡೆದು ಮೇಲೇಳುತ್ತದೆ. ಬಂಡೆಯೂ ಅದೇ, ಅಕ್ಷರವೂ ಅದೇ, ಬದಲಾದದ್ದು ಬೆಳಕು. ಅದೇ ಓರೆಬಿಸಿಲಿನಲ್ಲಿ ಬಂಡೆಯ ಸಹಜವಾದ ಗೀರು, ಬಿರುಕುಗಳೂ ಅಕ್ಷರಗಳಂತೆ ತೋರುತ್ತವೆಂಬುದು ಈ ಪಾಠದ ಉತ್ತರಾರ್ಧ. ಶಾಸನಾಭ್ಯಾಸಿಗಳು ಮೊದಲು ಕಲಿಯಬೇಕಾದದ್ದು ಅಕ್ಷರವನ್ನು ಗುರುತಿಸುವುದಕ್ಕಿಂತಲೂ, ಅಕ್ಷರವಲ್ಲದ್ದನ್ನು ಅಕ್ಷರವೆಂದು ಓದದಿರುವುದನ್ನು.

ವೈಮಾನಿಕ ಛಾಯಾಚಿತ್ರಗಳನ್ನೂ ಉಪಗ್ರಹ ಚಿತ್ರಗಳನ್ನೂ ಅರ್ಥೈಸುವ ವಿದ್ಯೆಯ ಮೂಲಪಾಠವೂ ಇದೇ ಎಂಬುದು ನನಗೆ ತಿಳಿದದ್ದು ತಡವಾಗಿ. ಇಂದು ಯಾರ ಕೈಯ ಫೋನಿನಲ್ಲಾದರೂ ತಮ್ಮ ಊರಿನ ಉಪಗ್ರಹ ಚಿತ್ರ ಕ್ಷಣಾರ್ಧದಲ್ಲಿ ತೆರೆದುಕೊಳ್ಳುತ್ತದೆ. ಚಿತ್ರ ಸುಲಭವಾಯಿತು, ಓದು ಸುಲಭವಾಗಿಲ್ಲ. ಇತಿಹಾಸದ ಹೆಸರಿನಲ್ಲಿ ಇಂಥ ಚಿತ್ರಗಳ ಮೇಲೆ ಗೆರೆ ಎಳೆದು, ಇಲ್ಲಿ ಕೋಟೆಯಿತ್ತು, ಅಲ್ಲಿ ನದಿ ಹರಿಯುತ್ತಿತ್ತು ಎಂದು ಸಾರುವವರು ಹೆಚ್ಚುತ್ತಿರುವ ಈ ಕಾಲದಲ್ಲಿ, ಈ ವಿದ್ಯೆ ಬೆಳೆದುಬಂದ ದಾರಿಯನ್ನು ಒಮ್ಮೆ ನೋಡುವುದು ಉಪಯುಕ್ತವೆಂದು ತೋರುತ್ತದೆ.

ಪ್ಯಾರಿಸಿನ ಛಾಯಾಗ್ರಾಹಕ ನಾದಾರ್ 1858ರಲ್ಲಿ ಬಲೂನಿನಲ್ಲಿ ಮೇಲೇರಿ ನೆಲದ ಚಿತ್ರ ತೆಗೆದನು. ಆ ಚಿತ್ರ ಉಳಿದಿಲ್ಲ. 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಎಂಬಾತ ಅಮೆರಿಕದ ಬಾಸ್ಟನ್ ನಗರವನ್ನು ಬಲೂನಿನಿಂದ ಚಿತ್ರಿಸಿದ್ದು ಉಳಿದಿದೆ. 1906ರಲ್ಲಿ ಇಂಗ್ಲೆಂಡಿನ ಸೈನ್ಯಾಧಿಕಾರಿ ಫಿಲಿಪ್ ಶಾರ್ಪ್ ಸೇನೆಯ ಬಲೂನಿನಿಂದ ಸ್ಟೋನ್‌ಹೆಂಜ್ ಶಿಲಾವೃತ್ತದ ಚಿತ್ರಗಳನ್ನು ತೆಗೆದನು. ಇವೆಲ್ಲ ನೋಡಿ ಮೆಚ್ಚುವ ಚಿತ್ರಗಳು. ಅವುಗಳಿಂದ ಅಡಗಿದ್ದನ್ನು ಓದಿ ತೆಗೆಯಬಹುದೆಂಬ ಶಿಸ್ತು ಹುಟ್ಟಲು ಮೊದಲ ಮಹಾಯುದ್ಧ ಕಳೆಯಬೇಕಾಯಿತು.

ಆ ಶಿಸ್ತಿನ ಪ್ರವರ್ತಕರಲ್ಲಿ ಪ್ರಮುಖನಾದ ಒ. ಜಿ. ಎಸ್. ಕ್ರಾಫರ್ಡ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, 1886ರಲ್ಲಿ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡ ಶಿಶುವನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಮಹಾಯುದ್ಧದಲ್ಲಿ ಆತ ವಿಮಾನದಲ್ಲಿ ಕುಳಿತು ಶತ್ರುವಿನ ನೆಲೆಗಳನ್ನು ನೋಡುವ ವೀಕ್ಷಕನಾಗಿದ್ದನು. 1920ರಲ್ಲಿ ಬ್ರಿಟನ್ನಿನ ಭೂಮಾಪನ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯ ಮೊದಲ ಪುರಾತತ್ತ್ವ ಅಧಿಕಾರಿಯಾದನು. ವಾಯುಸೇನೆಯವರು ತಮ್ಮ ಅಭ್ಯಾಸಕ್ಕಾಗಿ ತೆಗೆದಿದ್ದ ಚಿತ್ರಗಳಲ್ಲಿ, ಸೈನಿಕರಿಗೆ ಬೇಕಿಲ್ಲದ ಹೊಲಗಳ ನಡುವೆ, ಪ್ರಾಚೀನ ಕೃಷಿಕರ ಗದ್ದೆಬದುಗಳು ಅವನ ಕಣ್ಣಿಗೆ ಬಿದ್ದವು.

1923ರ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸ್ಟೋನ್‌ಹೆಂಜಿನಿಂದ ಹೊರಡುವ ‘ಅವೆನ್ಯೂ’ ಎಂಬ ಪ್ರಾಚೀನ ಮಾರ್ಗದ ಮೊದಲ ಭಾಗ ಎಲ್ಲರಿಗೂ ತಿಳಿದಿತ್ತು. ಮುಂದೆ ಅದು ಉಳುಮೆಯ ಹೊಲಗಳಲ್ಲಿ ಕಳೆದುಹೋಗಿತ್ತು. 1921ರ ಬೇಸಿಗೆ ಇಂಗ್ಲೆಂಡಿನಲ್ಲಿ ಅಸಾಧಾರಣ ಬರದ್ದು. ಆ ಬೇಸಿಗೆಯಲ್ಲಿ ವಾಯುಸೇನೆ ತೆಗೆದ ಚಿತ್ರಗಳನ್ನು ಎರಡು ವರ್ಷಗಳ ನಂತರ ನೋಡುತ್ತಿದ್ದ ಕ್ರಾಫರ್ಡನಿಗೆ ಹೊಲಗಳ ನಡುವೆ ಜೊತೆಜೊತೆಯಾಗಿ ಸಾಗಿ ಏವನ್ ನದಿಯ ಕಡೆಗೆ ಬಾಗುವ ಎರಡು ತೆಳುಗೆರೆಗಳು ಕಂಡವು. ಅವನು ಅಷ್ಟಕ್ಕೇ ತೃಪ್ತನಾಗಲಿಲ್ಲ. ಅದೇ ವರ್ಷ ಆ ಗೆರೆಗಳಿಗೆ ಅಡ್ಡಲಾಗಿ ನೆಲವನ್ನು ಅಗೆಸಿದನು. ಚಿತ್ರ ಸೂಚಿಸಿದ ಜಾಗದಲ್ಲಿಯೇ ಮುಚ್ಚಿಹೋದ ಎರಡು ಕಂದಕಗಳು ದೊರೆತವು. ಅವನ ಕಣ್ಣಿಗಿಂತಲೂ ನನಗೆ ದೊಡ್ಡದಾಗಿ ತೋರುವುದು ಆ ಅಗೆತ.

ನೂರಾರು ವರ್ಷ ನೇಗಿಲು ಹರಿದ ಹೊಲದಲ್ಲಿ ಮುಚ್ಚಿಹೋದ ಕಂದಕ ಹೇಗೆ ಕಾಣುತ್ತದೆ? ಉತ್ತರ ನಮ್ಮ ರೈತರಿಗೆ ಹೊಸದೇನಲ್ಲ. ಹಳೆಯ ಕಂದಕದಲ್ಲಿ ತುಂಬಿಕೊಂಡ ಮೆದುಮಣ್ಣು ಹೆಚ್ಚು ತೇವವನ್ನು ಹಿಡಿದಿಡುತ್ತದೆ. ಅದರ ಮೇಲಿನ ಪೈರು ಎತ್ತರವಾಗಿ, ಹೆಚ್ಚು ಹಸಿರಾಗಿ ಬೆಳೆದು ತಡವಾಗಿ ಮಾಗುತ್ತದೆ. ಹೂತುಹೋದ ಗೋಡೆಯ ಮೇಲೆ ಮಣ್ಣಿನ ಪದರ ತೆಳು. ಅಲ್ಲಿ ಪೈರು ಗಿಡ್ಡವಾಗಿ ಬೇಗ ಹಳದಿಯಾಗುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಈ ವ್ಯತ್ಯಾಸ ಅಳಿಸಿಹೋಗುತ್ತದೆ, ಬರದ ವರ್ಷ ಎದ್ದು ಕಾಣುತ್ತದೆ. ಇವನ್ನು ಪೈರಿನ ಗುರುತುಗಳೆನ್ನುತ್ತಾರೆ. ಉತ್ತ ನೆಲದಲ್ಲಿ ಮಣ್ಣಿನ ಬಣ್ಣವೇ ಭೇದವನ್ನು ತೋರಿಸಿದರೆ ಅದು ಮಣ್ಣಿನ ಗುರುತು. ನೆಲದ ಸಣ್ಣ ಏರಿಳಿತವನ್ನು ಓರೆಬಿಸಿಲು ತೋರಿಸಿದರೆ ನೆರಳಿನ ಗುರುತು. ಈ ಮೂರನೆಯದು ಚಿಕ್ಕಬೆಟ್ಟದ ಬಂಡೆಯ ಪಾಠವೇ.

ಹೊಲದಲ್ಲಿ ನಿಂತವನಿಗೆ ಇದು ಏಕೆ ಕಾಣದು ಎಂಬುದಕ್ಕೆ ಕ್ರಾಫರ್ಡ್ ಒಂದು ಸೊಗಸಾದ ಹೋಲಿಕೆ ಕೊಟ್ಟಿದ್ದಾನೆ: ಚಿತ್ತಾರದ ಜಮಖಾನೆಯ ಮೇಲೆ ಕುಳಿತ ಬೆಕ್ಕಿನ ಕಣ್ಣು ಒಂದು, ಅದೇ ಜಮಖಾನೆಯನ್ನು ನಿಂತು ನೋಡುವ ಮನುಷ್ಯನ ಕಣ್ಣು ಇನ್ನೊಂದು. ಬೆಕ್ಕಿಗೆ ಕಾಣುವುದು ನೂಲಿನ ಬಣ್ಣ ಮಾತ್ರ, ಚಿತ್ತಾರವಲ್ಲ.

1925ರ ಡಿಸೆಂಬರಿನಲ್ಲಿ ಇನ್ಸಾಲ್ ಎಂಬ ವಿಮಾನಚಾಲಕ ಸ್ಟೋನ್‌ಹೆಂಜಿನ ಸಮೀಪದಲ್ಲೇ ಹೊಲವೊಂದರಲ್ಲಿ ವೃತ್ತಾಕಾರದ ಗುರುತನ್ನು ಕಂಡನು. ಅದು ಉಳುಮೆಯಿಂದ ಸವೆದ ಹಳೆಯ ಸಮಾಧಿದಿಬ್ಬವೆಂದು ಎಲ್ಲರೂ ನಂಬಿದ್ದ ಸ್ಥಳ. ಮರುವರ್ಷ ಗೋಧಿ ಬೆಳೆದು ನಿಂತಾಗ ಅದೇ ಜಾಗದಲ್ಲಿ ಉಂಗುರ ಉಂಗುರವಾಗಿ ಕಪ್ಪು ಚುಕ್ಕೆಗಳು ಮೂಡಿದವು. ಕನಿಂಗ್‌ಟನ್ ದಂಪತಿಗಳು ಉತ್ಖನನ ಮಾಡಿದಾಗ ಆ ಚುಕ್ಕೆಗಳು ಮರದ ಕಂಬಗಳನ್ನು ನೆಟ್ಟಿದ್ದ ಗುಂಡಿಗಳೆಂದು ತಿಳಿಯಿತು. ಒಂದರೊಳಗೊಂದು ಆರು ಉಂಗುರಗಳು. ಇಂದು ಅದರ ಹೆಸರು ವುಡ್‌ಹೆಂಜ್. ಕ್ರಾಫರ್ಡ್ ಅಲೆಕ್ಸಾಂಡರ್ ಕೀಲರನೊಡನೆ 1928ರಲ್ಲಿ ‘ವೆಸೆಕ್ಸ್ ಫ್ರಮ್ ದಿ ಏರ್’ ಎಂಬ ಗ್ರಂಥವನ್ನು ಪ್ರಕಟಿಸುವ ವೇಳೆಗೆ ಈ ವಿದ್ಯೆಗೆ ಗೌರವದ ಸ್ಥಾನ ದೊರೆತಿತ್ತು.

ಇನ್ನು ಅಭ್ಯಾಸದ ಮಾತು. ಚಿತ್ರವನ್ನು ಅರ್ಥೈಸುವ ಅಂಗಗಳೆಂದು ಪಠ್ಯಗಳು ಸಾಮಾನ್ಯವಾಗಿ ಎಂಟನ್ನು ಹೇಳುತ್ತವೆ: ಛಾಯೆ, ಆಕಾರ, ಗಾತ್ರ, ನೆರಳು, ಮೈಯ ಒರಟು ನುಣುಪು, ವಿನ್ಯಾಸ, ನೆಲೆ, ಸಾಹಚರ್ಯ. ಬಾಯಿಪಾಠ ಮಾಡಲು ಅರ್ಧ ಗಳಿಗೆ ಸಾಕು. ಕಷ್ಟವಿರುವುದು ಒಂದರ ಸಾಕ್ಷ್ಯವನ್ನು ಮತ್ತೊಂದರಿಂದ ಪರೀಕ್ಷಿಸುವುದರಲ್ಲಿ. ಛಾಯೆಯನ್ನೇ ನೋಡೋಣ. ಕಪ್ಪುಬಿಳುಪಿನ ಚಿತ್ರದಲ್ಲಿ ನೀರು ಕಪ್ಪಾಗಿ ಕಾಣುವುದುಂಟು. ಎರೆಭೂಮಿಯೂ ಕಪ್ಪು, ಒದ್ದೆ ಮಣ್ಣೂ ಕಪ್ಪು, ಬೆಟ್ಟದ ನೆರಳೂ ಕಪ್ಪು. ಸೂರ್ಯನ ಬಿಂಬ ಕ್ಯಾಮೆರಾದ ಕಡೆಗೇ ಪ್ರತಿಫಲಿಸಿದರೆ ಅದೇ ನೀರು ಬೆಳ್ಳಗೆ ಹೊಳೆಯುತ್ತದೆ. ಆದ್ದರಿಂದ ಕಪ್ಪು ಕಂಡಲ್ಲೆಲ್ಲ ಕೆರೆಯೆನ್ನುವಂತಿಲ್ಲ. ಒಂದು ಕಡೆ ಏರಿಯ ಗೆರೆಯಿದೆಯೇ, ಆ ಗೆರೆಯ ಎರಡು ತುದಿಗಳೂ ಎತ್ತರದ ನೆಲದಲ್ಲಿ ಕೊನೆಗಾಣುತ್ತವೆಯೇ, ಏರಿಯ ಕೆಳಗೆ ಗದ್ದೆಬಯಲಿದೆಯೇ, ಪಕ್ಕದಲ್ಲಿ ಕೋಡಿಯ ಹಳ್ಳವಿದೆಯೇ ಎಂದು ಒಂದೊಂದಾಗಿ ಕೇಳಬೇಕು. ನೆಲೆ, ಸಾಹಚರ್ಯಗಳೆಂದರೆ ಇವೇ ಪ್ರಶ್ನೆಗಳು. ಹಾಗೆಯೇ, ಸಾಲುಸಾಲಾಗಿ ಸಮಾನ ಅಂತರದಲ್ಲಿ ನಿಂತ ಚುಕ್ಕೆಗಳು ತೋಟ. ಅಳತೆಯಿಲ್ಲದೆ ಒತ್ತೊತ್ತಾಗಿ ಹರಡಿದ ಒರಟು ಮೈ ಕಾಡು. ಆ ವಿನ್ಯಾಸ ಮನುಷ್ಯನ ಕೈಯದು, ಈ ಒರಟು ಪ್ರಕೃತಿಯದು.

ಗಾತ್ರವನ್ನು ಅರಿಯದೆ ಆಕಾರವನ್ನು ನಂಬಬಾರದು. ಚಿತ್ರದ ಮಾಪಕವನ್ನು ತಿಳಿಯುವ ಲೆಕ್ಕ ಸರಳವಾದದ್ದು: ಮಸೂರದ ನಾಭಿದೂರವನ್ನು ನೆಲದಿಂದ ವಿಮಾನದ ಎತ್ತರದಿಂದ ಭಾಗಿಸಬೇಕು. 152 ಮಿಲಿಮೀಟರ್ ನಾಭಿದೂರದ ಕ್ಯಾಮೆರಾ 3,040 ಮೀಟರ್ ಎತ್ತರದಲ್ಲಿದ್ದರೆ ಮಾಪಕ 20,000ಕ್ಕೆ 1. ಚಿತ್ರದ ಒಂದು ಮಿಲಿಮೀಟರ್ ಎಂದರೆ ನೆಲದ 20 ಮೀಟರ್. ಸಣ್ಣ ಮನೆಯೊಂದು ಅರ್ಧ ಮಿಲಿಮೀಟರಿನ ಚುಕ್ಕೆ.

ನೆರಳಿನ ವಿಷಯದಲ್ಲಿ ಹೊಸಬರೆಲ್ಲ ಒಮ್ಮೆ ಮೋಸಹೋಗುತ್ತಾರೆ, ನಾನೂ ಹೋಗಿದ್ದೇನೆ. ಬೆಳಕು ಯಾವಾಗಲೂ ಮೇಲಿನಿಂದ ಬೀಳುತ್ತದೆಂಬುದು ನಮ್ಮ ಮಿದುಳಿನ ಹಳೆಯ ರೂಢಿ. ಉತ್ತರವನ್ನು ಮೇಲಿಟ್ಟು ನಾವು ನೋಡುವ ಉಪಗ್ರಹ ಚಿತ್ರಗಳಲ್ಲಿ, ನಮ್ಮ ದೇಶದಲ್ಲಿ ವರ್ಷದ ಬಹುಪಾಲು, ಸೂರ್ಯನಿರುವುದು ದಕ್ಷಿಣದ ಕಡೆ, ಎಂದರೆ ಚಿತ್ರದ ಕೆಳಗೆ. ನೆರಳು ಮೇಲ್ಮುಖವಾಗಿ ಬೀಳುತ್ತದೆ. ಫಲವಾಗಿ ಬೆಟ್ಟಗಳು ಕಣಿವೆಗಳಂತೆಯೂ ನದಿಯು ದಿಣ್ಣೆಯ ಮೇಲೆ ಹರಿಯುವಂತೆಯೂ ಕಾಣುತ್ತವೆ. ಇದಕ್ಕೆ ಮದ್ದು ಅತಿ ಸುಲಭ: ನೆರಳು ನಮ್ಮ ಕಡೆಗೆ ಬೀಳುವಂತೆ ಚಿತ್ರವನ್ನು ತಿರುಗಿಸಿಟ್ಟರಾಯಿತು. ಕಣಿವೆ ಒಮ್ಮೆಲೇ ಬೆಟ್ಟವಾಗಿ ಎದ್ದುನಿಲ್ಲುತ್ತದೆ. ಬೆರಗು ಹುಟ್ಟಿಸುವ ಇನ್ನೊಂದು ಉಪಾಯ ಸ್ಟೀರಿಯೋಸ್ಕೋಪ್. ವಿಮಾನ ಮುಂದೆ ಸಾಗುತ್ತ ತೆಗೆಯುವ ಚಿತ್ರಗಳಲ್ಲಿ ಪ್ರತಿಯೊಂದೂ ಹಿಂದಿನದರ ಸುಮಾರು ಶೇಕಡ 60 ಭಾಗವನ್ನು ಮತ್ತೆ ಒಳಗೊಂಡಿರುತ್ತದೆ. ಒಂದೇ ನೆಲದ ಈ ಎರಡು ನೋಟಗಳನ್ನು ಎರಡು ಕಣ್ಣಿಗೆ ಬೇರೆಬೇರೆಯಾಗಿ ಒಡ್ಡಿದರೆ ಚಪ್ಪಟೆ ಕಾಗದದಿಂದ ಮರಗಳೂ ಮನೆಗಳೂ ಎದ್ದುಬರುತ್ತವೆ. ಮೊದಲ ಸಲ ಅದನ್ನು ಕಂಡಾಗ ನಾನು ಕೈಚಾಚಿ ಮುಟ್ಟಲು ಹೋದದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮೆಡ್ಮೆನ್‌ಹ್ಯಾಮ್ ಎಂಬಲ್ಲಿದ್ದ ಚಿತ್ರವ್ಯಾಖ್ಯಾನ ಕೇಂದ್ರದ ದೊಡ್ಡ ಸಲಕರಣೆ ಇದೇ ಸ್ಟೀರಿಯೋಸ್ಕೋಪ್. 1943ರ ಕೊನೆಯಲ್ಲಿ ಕಾನ್‌ಸ್ಟೆನ್ಸ್ ಬಾಬಿಂಗ್ಟನ್ ಸ್ಮಿತ್ ಎಂಬ ಮಹಿಳೆ ಜರ್ಮನಿಯ ಪೀನೆಮುಂಡೆಯ ಚಿತ್ರದಲ್ಲಿ ಇಳಿಜಾರು ಕಟ್ಟೆಯೊಂದರ ಮೇಲೆ ಶಿಲುಬೆಯಾಕಾರದ ಅತಿಸಣ್ಣ ವಸ್ತುವನ್ನು ಗುರುತಿಸಿದಳು. ಅದು ಲಂಡನ್ನಿನ ಮೇಲೆ ಬೀಳಲಿದ್ದ ವಿ-1 ಹಾರುಬಾಂಬು. ಆ ಕಟ್ಟೆಗಳನ್ನು ಆ ಮೊದಲು ನೋಡಿದ್ದವರು ಅವು ಹೂಳೆತ್ತುವ ಕೆಲಸದ ಸಲಕರಣೆಗಳಿರಬೇಕೆಂದು ಬಿಟ್ಟುಬಿಟ್ಟಿದ್ದರು. ಅವರೇನೂ ಅಜಾಗ್ರತರಲ್ಲ. ತೀರದಲ್ಲಿ ಇಂಥದು ಇರುವುದು ಸಹಜವೆಂಬ ಪೂರ್ವಕಲ್ಪನೆ ಅವರ ಕಣ್ಣಿಗಿಂತ ಮುಂದೆ ಹೋಗಿತ್ತು. ಈ ಯುದ್ಧಕಾಲದ ಕೆಲಸಕ್ಕೆ ಪುರಾತತ್ತ್ವಜ್ಞರೇ ಅನೇಕರು ಸೇರಿದ್ದರು. ಅವರಲ್ಲಿ ಗ್ಲಿನ್ ಡೇನಿಯಲ್, ಸ್ಟುವರ್ಟ್ ಪಿಗಟ್ ಇಬ್ಬರೂ ಚಿತ್ರವ್ಯಾಖ್ಯಾನಕಾರರಾಗಿಯೇ ಭಾರತಕ್ಕೆ ಬಂದರು. ಪಿಗಟ್ ಇಲ್ಲಿದ್ದಾಗ ನಡೆಸಿದ ಅಧ್ಯಯನವೇ 1950ರಲ್ಲಿ ‘ಪ್ರಿಹಿಸ್ಟಾರಿಕ್ ಇಂಡಿಯಾ’ ಗ್ರಂಥವಾಯಿತು.

ಸ್ವತಂತ್ರ ಭಾರತದಲ್ಲಿ ಈ ವಿದ್ಯೆಯನ್ನು ಕ್ರಮವಾಗಿ ಕಲಿಸಲು 1966ರಲ್ಲಿ ಡೆಹರಾಡೂನಿನಲ್ಲಿ ಇಂಡಿಯನ್ ಫೋಟೋ ಇಂಟರ್‌ಪ್ರಿಟೇಷನ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ನೆದರ್‌ಲ್ಯಾಂಡ್ಸ್ ಸರ್ಕಾರದ ಸಹಯೋಗ ಅದಕ್ಕಿತ್ತು. 1957ರಲ್ಲಿ ಆ ದೇಶಕ್ಕೆ ಭೇಟಿಯಿತ್ತ ನೆಹರೂ ಅವರ ಮನಸ್ಸಿನಲ್ಲಿ ಮೂಡಿದ ಯೋಚನೆಯದು. ಇಂದು ಅದು ಇಸ್ರೋದ ಭಾರತೀಯ ದೂರಸಂವೇದಿ ಸಂಸ್ಥೆ.

ದೂರಸಂವೇದನೆಯ ಮೊದಲ ಭಾರತೀಯ ಪ್ರಯೋಗ ನಡೆದದ್ದು ಕೇರಳದ ತೆಂಗಿನ ತೋಟಗಳ ಮೇಲೆ. ಪಿ. ಆರ್. ಪಿಷಾರಟಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಬಳಿ ದುಡಿದು, ಮುಂದೆ ಹವಾಮಾನ ಶಾಸ್ತ್ರಜ್ಞರಾಗಿ ಹೆಸರಾದವರು. 1970ರಲ್ಲಿ ಅವರ ನೇತೃತ್ವದಲ್ಲಿ, ಕಾಯಂಕುಳಂ ಪರಿಸರದ ತೆಂಗಿಗೆ ತಗಲಿದ್ದ ಬೇರುಸೊರಗು ರೋಗವನ್ನು ಹೆಲಿಕಾಪ್ಟರಿನಿಂದ ಚಿತ್ರಿಸಲಾಯಿತು. ಬಳಸಿದ್ದು ಇನ್‌ಫ್ರಾರೆಡ್ ಎಂದು ಕರೆಯುವ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಗ್ರಹಿಸುವ ಬಣ್ಣದ ಫಿಲ್ಮು. ಹಸಿರು ಬಣ್ಣ ಬಳಿದು ಅಡಗಿಸಿದ ಸೇನಾನೆಲೆಗಳನ್ನು ಜೀವಂತ ಹಸಿರಿನಿಂದ ಬೇರ್ಪಡಿಸಲು ಯುದ್ಧಕಾಲದಲ್ಲಿ ರೂಪಿಸಿದ ಫಿಲ್ಮು ಅದು. ಆರೋಗ್ಯವಂತ ಎಲೆಯ ಒಳರಚನೆ ಅವಕೆಂಪನ್ನು ಬಲವಾಗಿ ಪ್ರತಿಫಲಿಸುತ್ತದೆ. ಸೊರಗಿದ ಎಲೆ ಆ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಆ ಚಿತ್ರದಲ್ಲಿ ಚೆನ್ನಾಗಿರುವ ಮರ ಕಡುಗೆಂಪು, ರೋಗದ ಮರ ಮಂಕು. ನಮ್ಮ ಉಪಗ್ರಹಗಳ ‘ಹುಸಿಬಣ್ಣ’ದ ಚಿತ್ರಗಳಲ್ಲಿ ಕಾಡೂ ಬೆಳೆಯೂ ಕೆಂಪಾಗಿ ಕಾಣುವುದಕ್ಕೆ ಇದೇ ಕಾರಣ. ಕೆಂಪು ಕಂಡೊಡನೆ ಸುಟ್ಟ ನೆಲವೆಂದು ಬಗೆದ ವಿದ್ಯಾವಂತರನ್ನು ನಾನು ಬಲ್ಲೆ.

1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಮೇಲೇರಿತು. ಅದರ ಚಿತ್ರದ ಒಂದು ಬಿಂದು ನೆಲದ ಸುಮಾರು 80 ಮೀಟರ್. ಬೆಂಗಳೂರಿನಲ್ಲಿ ಸಿದ್ಧವಾದ ಭಾಸ್ಕರ-1 ಉಪಗ್ರಹ 1979ರ ಜೂನ್ 7ರಂದು ಸೋವಿಯತ್ ನೆಲದಿಂದ ಹಾರಿತು. ಅದರ ಕ್ಯಾಮೆರಾಗಳಿಗೆ ಒಂದು ಬಿಂದುವೆಂದರೆ ಒಂದು ಕಿಲೋಮೀಟರ್. ನಮ್ಮ ಉಡುಪಿ ಸೀಮೆಯ ಯು. ಆರ್. ರಾವ್ ಅವರು ಇಸ್ರೋದ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ಐಆರ್‌ಎಸ್-1ಎ ಮೇಲೇರಿ ಆ ಬಿಂದುವನ್ನು 72.5 ಮತ್ತು 36.25 ಮೀಟರಿಗೆ ತಂದಿತು. 2005ರ ಕಾರ್ಟೊಸ್ಯಾಟ್-1ರಲ್ಲಿ ಅದು 2.5 ಮೀಟರ್, ಜೊತೆಗೆ ಎರಡು ಕ್ಯಾಮೆರಾಗಳ ಸ್ಟೀರಿಯೋ ನೋಟ. ಬಿಂದು ಕಿರಿದಾದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ. ಅರ್ಥ ಸ್ಪಷ್ಟವಾಗುತ್ತದೆಂದು ಮಾತ್ರ ಹೇಳುವಂತಿಲ್ಲ.

ಇತಿಹಾಸಕಾರರಿಗೆ ಇದನ್ನು ಚೆನ್ನಾಗಿ ಮನಗಾಣಿಸಿದ್ದು ಘಗ್ಗರ್ ನದಿಯ ಹಳೆಯ ಪಾತ್ರದ ಪ್ರಶ್ನೆ. ಹರಿಯಾಣ, ರಾಜಸ್ಥಾನಗಳ ಒಣನೆಲದಲ್ಲಿ ಮಳೆಗಾಲಕ್ಕಷ್ಟೇ ಹರಿಯುವ ಈ ನದಿಯನ್ನು ಋಗ್ವೇದದ ಸರಸ್ವತಿಯೊಡನೆ ಗುರುತಿಸುವ ವಾದ 19ನೆಯ ಶತಮಾನದಷ್ಟು ಹಳೆಯದು. 1980ರಲ್ಲಿ ಯಶ್ ಪಾಲ್, ಪುರಾತತ್ತ್ವಜ್ಞ ಡಿ. ಪಿ. ಅಗ್ರವಾಲ್ ಮತ್ತು ಸಹೋದ್ಯೋಗಿಗಳು ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಓದಿ, ಘಗ್ಗರಿನ ಹಳೆಯ ಪಾತ್ರ 6ರಿಂದ 8 ಕಿಲೋಮೀಟರ್ ಅಗಲವಾಗಿ ಬಹುದೂರ ಸಾಗುತ್ತದೆಂದೂ, ಒಂದು ಕಾಲದಲ್ಲಿ ಸಟ್ಲೆಜ್ ನದಿ ಇದಕ್ಕೆ ಬಂದು ಸೇರುತ್ತಿತ್ತೆಂದೂ ತೋರಿಸಿದರು. ಅದು ಎಚ್ಚರದ, ಉತ್ತಮವಾದ ಓದು. ಆದರೆ ಅದರ ಸುತ್ತ ಬೆಳೆದ ಜನಪ್ರಿಯ ಬರವಣಿಗೆ ಚಿತ್ರದಲ್ಲಿಲ್ಲದ ಒಂದನ್ನು ಅದಕ್ಕೆ ಸೇರಿಸಿತು: ಕಾಲವನ್ನು. ಅಗಲವಾದ ಪಾತ್ರ ಕಂಡಿತು, ಅದರ ದಡದಲ್ಲಿ ಹರಪ್ಪಾ ಕಾಲದ ನೆಲೆಗಳಿವೆ. ಆದ್ದರಿಂದ ಹರಪ್ಪಾ ಜನರ ಕಣ್ಣೆದುರು ಮಹಾನದಿ ತುಂಬಿ ಹರಿಯುತ್ತಿತ್ತು ಎಂಬ ತೀರ್ಮಾನ ಹೊರಟಿತು.

ಆ ‘ಆದ್ದರಿಂದ’ ಚಿತ್ರದಿಂದ ಬರಲಾರದು. ಪಾತ್ರದಲ್ಲಿ ಕೊನೆಯ ಸಲ ನೀರು ತುಂಬಿ ಹರಿದದ್ದು ಐದು ಸಾವಿರ ವರ್ಷದ ಹಿಂದೋ ಐವತ್ತು ಸಾವಿರ ವರ್ಷದ ಹಿಂದೋ ಎಂಬುದು ಅದರ ಛಾಯೆಯಲ್ಲಿ ಬರೆದಿರುವುದಿಲ್ಲ. ಅದಕ್ಕೆ ನೆಲವನ್ನು ಕೊರೆದು ಮರಳಿನ ಕಣವನ್ನು ಕೇಳಬೇಕು. ಬಿಸಿಲಿಗೆ ಒಡ್ಡಿಕೊಂಡಿದ್ದ ಮರಳಕಣ ಹೂತುಹೋಗಿ ಎಷ್ಟು ಕಾಲವಾಯಿತೆಂಬುದನ್ನು ಪ್ರಕಾಶದ ಪ್ರಯೋಗದಿಂದ ಅಳೆಯುವ ವಿಧಾನವಿದೆ. ಹೀಗೆ ಅಳೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಐಐಟಿ ಕಾನ್ಪುರದ ರಾಜೀವ್ ಸಿನ್ಹಾ ಮುಂತಾದವರು ಭಾಗವಹಿಸಿದ್ದು, ಆ ಪಾತ್ರ ಸಟ್ಲೆಜಿನದೇ ಎಂಬುದನ್ನು ದೃಢಪಡಿಸಿತು. ಆದರೆ ಸಟ್ಲೆಜ್ ಅದನ್ನು ಪೂರ್ಣವಾಗಿ ತೊರೆದದ್ದು ಸುಮಾರು 8,000 ವರ್ಷಗಳ ಹಿಂದೆ, ಎಂದರೆ ಹರಪ್ಪಾ ನಗರಗಳು ಏಳುವುದಕ್ಕೆ ಸಾವಿರಾರು ವರ್ಷ ಮೊದಲೇ, ಎಂದಿತು. 2019ರ ಇನ್ನೊಂದು ಅಧ್ಯಯನ ಇದನ್ನು ಒಪ್ಪದೆ, 9,000ದಿಂದ 4,500 ವರ್ಷಗಳ ಹಿಂದಿನವರೆಗೂ ಅಲ್ಲಿ ವರ್ಷವಿಡೀ ಹರಿಯುವ ನದಿಯಿತ್ತೆಂದು ವಾದಿಸಿತು. ವಿವಾದ ಮುಗಿದಿಲ್ಲ, ಮುಗಿಯಬೇಕೆಂಬ ಆತುರವೂ ನನಗಿಲ್ಲ. ಎರಡು ಪಕ್ಷದವರೂ ವಾದಿಸುತ್ತಿರುವುದು ಕೊರೆದು ತೆಗೆದ ಮರಳಿನ ಮೇಲೆ. ಎಲ್ಲಿ ಕೊರೆಯಬೇಕೆಂಬುದನ್ನು ತಿಳಿಸುವಲ್ಲಿಗೆ ಉಪಗ್ರಹದ ಕೆಲಸ ಮುಗಿಯುತ್ತದೆ.

ಇನ್ನೊಬ್ಬರ ಆತುರದ ಮಾತನ್ನಾಡಿದ ಮೇಲೆ ನನ್ನದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಊರಿನ ಶಾಸನದಲ್ಲಿ ಕೆರೆಯೊಂದಕ್ಕೆ ದತ್ತಿ ಬಿಟ್ಟ ಉಲ್ಲೇಖವನ್ನು ಓದಿದ್ದೆ. ಇಂದಿನ ಭೂಪಟದಲ್ಲಿ ಅಲ್ಲಿ ಕೆರೆಯಿಲ್ಲ. ಉಪಗ್ರಹ ಚಿತ್ರವನ್ನು ತೆರೆದು ನೋಡಿದರೆ ಊರಿನ ಪಶ್ಚಿಮಕ್ಕೆ ಸೊಗಸಾದ ಕಮಾನಿನಂತೆ ಬಾಗಿದ ತಿಳಿಗೆರೆ. ಅದರ ಒಂದು ಮಗ್ಗುಲಲ್ಲಿ ಉಳಿದ ಹೊಲಗಳಿಗಿಂತ ಹೆಚ್ಚಿನ ಹಸಿರು. ಒಡೆದುಹೋದ ಏರಿ, ಹೂಳು ತುಂಬಿದ ಕೆರೆಯಂಗಳ! ಕಂಡೊಡನೆ ಹಿಗ್ಗಿ, ಟಿಪ್ಪಣಿಯನ್ನೂ ಬರೆದಿಟ್ಟೆ. ಅದೃಷ್ಟವಶಾತ್ ಅದನ್ನು ಅಚ್ಚಿಗೆ ಕೊಡುವ ಮೊದಲು ಊರಿಗೆ ಹೋದೆ.

ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರಿಗೆ ಆ ದಿಬ್ಬವನ್ನು ತೋರಿಸಿ, “ಯಜಮಾನ್ರೇ, ಇದು ಹಳೆಯ ಕೆರೆಯ ಏರಿಯಲ್ಲವೇ?” ಎಂದೆ.

“ಯಾವ ಏರಿ ಸ್ವಾಮಿ? ಇದು ಹಳೇ ರೈಲು ದಾರಿ. ಹಳಿ ಕಿತ್ತುಕೊಂಡು ಹೋಗಿ ಬಹಳ ಕಾಲ ಆಯ್ತು” ಎಂದರು.

ಮನೆಗೆ ಬಂದು ಚಿತ್ರವನ್ನು ಮತ್ತೆ ತೆರೆದೆ. ಗೆರೆಯ ತುದಿಗಳು ಎತ್ತರದ ನೆಲದಲ್ಲಿ ಕೊನೆಗಾಣುತ್ತಿರಲಿಲ್ಲ. ಎರಡು ಕಡೆಯೂ ಹೊಲಗಳ ನಡುವೆ ನೇರವಾಗಿ, ತೀರ ಮಸುಕಾಗಿ ಮುಂದುವರಿದಿದ್ದವು. ನೆಲದ ಏರಿಳಿತವನ್ನು ಅನುಸರಿಸುವ ಯಾವ ಏರಿಯೂ ಕೈವಾರದಲ್ಲಿ ಎಳೆದಂತೆ ಅಷ್ಟು ನಯವಾಗಿ ಬಾಗುವುದಿಲ್ಲ. ಕೋಡಿಯ ಹಳ್ಳವೂ ಇರಲಿಲ್ಲ. ಹಸಿರು ಕಂಡದ್ದು ದಿಬ್ಬಕ್ಕೆ ತಡೆದು ನಿಂತ ಮಳೆನೀರಿನಿಂದ. ಎಲ್ಲವೂ ಚಿತ್ರದಲ್ಲಿಯೇ ಇತ್ತು.

ಆ ಹಿರಿಯರು ಅಂದು ನನ್ನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಕುರಿಗಳನ್ನು ಮೊಮ್ಮಗನಿಗೆ ಒಪ್ಪಿಸಿ, ಊರಿನ ಇನ್ನೊಂದು ದಿಕ್ಕಿಗೆ ಕರೆದೊಯ್ದರು. ಹುಣಸೆಮರಗಳ ಸಾಲೊಂದರ ಕೆಳಗೆ ಮೊಣಕಾಲೆತ್ತರದ ದಿಣ್ಣೆ. ಅದರ ನಡುವೆ ಮಣ್ಣಿನಲ್ಲಿ ಮುಕ್ಕಾಲು ಹೂತಿದ್ದ ಎರಡು ಕಲ್ಲುಕಂಬ, ಮೇಲೆ ಅಡ್ಡಪಟ್ಟಿ. ತೂಬು. ನನ್ನ ಚಿತ್ರದಲ್ಲಿ ಅದು ಒಂದು ಸಾಲು ಕಪ್ಪು ಚುಕ್ಕೆಗಳಾಗಿತ್ತು. ಅದರ ಪಕ್ಕದಲ್ಲಿ ನಾನು ಪೆನ್ಸಿಲಿನಿಂದ ‘ರಸ್ತೆಬದಿಯ ಮರಗಳು’ ಎಂದು ಬರೆದುಕೊಂಡಿದ್ದೆ.